ಶಿರಸ್ತ್ರಾಣದ ಒಳಗೆ ಯಾರ ಮಗ?



ಜುಲೈ ತಿಂಗಳ ಒಂದು ಭಾನುವಾರ. ಪೂಜೆಯ ನಂತರ ನಮ್ಮ ಯುವಕೂಟದ ಸಭೆ ಮುಗಿದರೂ ಮಳೆ ಮುಗಿಯಲಿಲ್ಲ. ಕೊಡೆ ತಂದವರು ಹೋದರು, ತಾರದ ಹತ್ತು ಹನ್ನೆರಡು ಮಂದಿ ಹಾಲ್‌ನಲ್ಲೇ ಉಳಿದೆವು. ಮಾತು ಪರೀಕ್ಷೆಯಿಂದ ಕ್ರಿಕೆಟ್‌ಗೆ, ಕ್ರಿಕೆಟ್‌ನಿಂದ ಪುಸ್ತಕಗಳಿಗೆ ಹೋಗಿ ಕೊನೆಗೆ ಒಂದು ಹಳೆಯ ಜಗಳದಲ್ಲಿ ನಿಂತಿತು: 'ನಗುವ ಮರದ ನೈಟ್' ಯಾರು?

ಅರ್ಧ ಗಂಟೆ ವಾದ ನಡೆಯಿತು. ಅಷ್ಟೂ ಹೊತ್ತು ಸುಮ್ಮನೆ ಕೇಳುತ್ತಿದ್ದ ಪಿಯುಸಿ ಹುಡುಗನೊಬ್ಬ ಕೊನೆಗೆ ಬಾಯಿ ಬಿಟ್ಟ: "ಅಣ್ಣಾ, ಅವನು ದೊಡ್ಡ ಮನೆಯವನೇ ಅಲ್ಲದಿದ್ದರೆ?" ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದಾಗ ಈ ಊಹೆಯ ಆಟಕ್ಕೆ ಎಂಟು ನೂರು ವರ್ಷಗಳ ಇತಿಹಾಸವಿದೆ ಎಂದು ತಿಳಿಯಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಗುರಾಣಿಯಲ್ಲಿ ನಗುವ ಮರ

ಮೊದಲು ಪುಸ್ತಕ ಓದದವರಿಗಾಗಿ ಕಥೆ. ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್' ಎಂಬ ಕಾದಂಬರಿ 2000ರಲ್ಲಿ ಬಂತು. ಅದರಲ್ಲಿ ಮೀರಾ ರೀಡ್ ಎಂಬ ಹುಡುಗಿ ದಾರಿ ನಡೆಯುತ್ತಾ ಬ್ರಾನ್ ಎಂಬ ಬಾಲಕನಿಗೆ ಒಂದು ಹಳೆಯ ಕಥೆ ಹೇಳುತ್ತಾಳೆ. ಜೌಗು ನೆಲದ ಒಬ್ಬ ಕುಳ್ಳ ಯುವಕ ಹ್ಯಾರನ್‌ಹಾಲ್ ಕೋಟೆಯ ದೊಡ್ಡ ಪಂದ್ಯ ನೋಡಲು ಬರುತ್ತಾನೆ. ಅಲ್ಲಿ ಮೂವರು ಸ್ಕ್ವೈರ್‌ಗಳು, ಅಂದರೆ ನೈಟ್‌ಗಳ ಕೈಕೆಳಗೆ ಕೆಲಸ ಕಲಿಯುವ ಹುಡುಗರು, ಅವನನ್ನು ಕಪ್ಪೆ ತಿನ್ನುವವನೆಂದು ಹೀಯಾಳಿಸಿ, ಕೆಡವಿ ಒದೆಯುತ್ತಾರೆ. ಸ್ಟಾರ್ಕ್ ಮನೆತನದ ಹುಡುಗಿಯೊಬ್ಬಳು ಅವರನ್ನು ಓಡಿಸಿ ಅವನ ಗಾಯ ತೊಳೆಯುತ್ತಾಳೆ.

ಮರುದಿನಗಳ ಪಂದ್ಯದಲ್ಲಿ ಯಾರಿಗೂ ಗೊತ್ತಿಲ್ಲದ ಒಬ್ಬ ನೈಟ್ ಕಣಕ್ಕೆ ಇಳಿಯುತ್ತಾನೆ. ಆಳು ಗಿಡ್ಡ. ಕವಚ ಅಲ್ಲಿಂದ ಇಲ್ಲಿಂದ ಜೋಡಿಸಿದ್ದು, ಮೈಗೆ ಸರಿಯಾಗಿ ಕೂರುವುದಿಲ್ಲ. ಗುರಾಣಿಯಲ್ಲಿ ಕೆಂಪು ಮುಖದಿಂದ ನಗುವ ಬಿಳಿ ಮರ. ಅವನು ಆ ಮೂವರು ಸ್ಕ್ವೈರ್‌ಗಳ ಯಜಮಾನರನ್ನೇ ಹುಡುಕಿ ಕರೆದು ಒಬ್ಬೊಬ್ಬರನ್ನಾಗಿ ಕುದುರೆಯಿಂದ ಕೆಡವುತ್ತಾನೆ. ಸೋತವರ ಕುದುರೆ, ಕವಚ ಗೆದ್ದವನಿಗೆ ಸೇರುವುದು ಪದ್ಧತಿ. ಅವನು ಹಣ ಕೇಳುವುದಿಲ್ಲ. ನಿಮ್ಮ ಹುಡುಗರಿಗೆ ಮರ್ಯಾದೆ ಕಲಿಸಿ, ಅಷ್ಟು ಸಾಕು ಎನ್ನುತ್ತಾನೆ. ಮರುದಿನ ರಾಜ ಸಿಟ್ಟಿನಿಂದ ಹುಡುಕಿಸಿದಾಗ ಸಿಗುವುದು ಮರದಲ್ಲಿ ತೂಗುತ್ತಿದ್ದ ಗುರಾಣಿ ಮಾತ್ರ.

ಇಷ್ಟೇ ಕಥೆ. ಆದರೆ ಓದುಗರು ಬಿಡಲಿಲ್ಲ. ಹೆಚ್ಚಿನವರ ಪ್ರಕಾರ ಆ ನೈಟ್ ಲಿಯಾನಾ ಸ್ಟಾರ್ಕ್, ಗಾಯ ತೊಳೆದ ಅದೇ ಹುಡುಗಿ. ಆಕೆ ಕುದುರೆ ಸವಾರಿಯಲ್ಲಿ ಗಟ್ಟಿಗಳು. ಅದೇ ಪಂದ್ಯದ ಕೊನೆಗೆ ಯುವರಾಜ ರೇಗರ್ ತನ್ನ ಹೆಂಡತಿಯನ್ನು ಬಿಟ್ಟು ಆಕೆಗೆ ಹೂವಿನ ಕಿರೀಟ ಕೊಟ್ಟದ್ದಕ್ಕೂ ಇದರಿಂದ ಕಾರಣ ಸಿಗುತ್ತದೆ. ಕೆಲವರು ಲಿಯಾನಾಳ ತಮ್ಮ ಬೆಂಜೆನ್ ಎನ್ನುತ್ತಾರೆ. ಕೆಲವರು ಮಾತ್ರ ಒದೆ ತಿಂದ ಆ ಕುಳ್ಳ ಯುವಕ, ಮೀರಾಳ ತಂದೆ ಹೌಲಂಡ್ ರೀಡ್ ಎನ್ನುತ್ತಾರೆ. 2014ರಲ್ಲಿ ಬಂದ 'ದಿ ವರ್ಲ್ಡ್ ಆಫ್ ಐಸ್ ಆಂಡ್ ಫೈರ್' ಪುಸ್ತಕದಲ್ಲೂ ಈ ಪಂದ್ಯದ ವಿವರ ಇದೆ, ನೈಟ್‌ನ ಹೆಸರು ಇಲ್ಲ.

ಮುಖ ಮುಚ್ಚಿದಾಗ ಹೆಸರು ಎಲ್ಲಿ?

ಇದು ಬರೀ ಕಲ್ಪನೆಯ ಆಟವಲ್ಲ. ನಿಜವಾದ ಇತಿಹಾಸದಲ್ಲಿ ಇದಕ್ಕೆ ನೆಲೆಯಿದೆ. 12ನೇ ಶತಮಾನದಲ್ಲಿ ಯೂರೋಪಿನಲ್ಲಿ ನೈಟ್‌ಗಳ ಶಿರಸ್ತ್ರಾಣ ಮುಖವನ್ನು ಹೆಚ್ಚು ಹೆಚ್ಚು ಮುಚ್ಚತೊಡಗಿತು. ಎದುರಿಗಿರುವವನು ಯಾರೆಂದು ಗುರುತಿಸಲು ಗುರಾಣಿಯ ಮೇಲಿನ ಬಣ್ಣ, ಚಿತ್ರ ಬೇಕಾದವು. ಸಿಂಹ, ಹದ್ದು, ಗೋಪುರ ಹೀಗೆ ಒಂದೊಂದು ಮನೆತನಕ್ಕೆ ಒಂದೊಂದು ಲಾಂಛನ. ಹಾಗಾಗಿ ಗುರಾಣಿ ಬದಲಿಸಿದರೆ ಹೆಸರೇ ಬದಲಾದಂತೆ. ಇಂಗ್ಲೆಂಡಿನ ರಾಜ 3ನೇ ಎಡ್ವರ್ಡ್ ಹೀಗೆಯೇ 1334ರಲ್ಲಿ ಡನ್‌ಸ್ಟೇಬಲ್ ಪಂದ್ಯದಲ್ಲಿ 'ಲಯನಲ್' ಎಂಬ ಹೆಸರಿನ ಸಾಮಾನ್ಯ ನೈಟ್ ಆಗಿ ಕಣಕ್ಕಿಳಿದಿದ್ದ.

ಈ ಪಂದ್ಯಗಳನ್ನು ಧರ್ಮಸಭೆ ಮೆಚ್ಚಿರಲಿಲ್ಲ ಎಂಬುದನ್ನೂ ಹೇಳಬೇಕು. 1139ರ ಎರಡನೇ ಲ್ಯಾಟರನ್ ಮಹಾಸಭೆ ಇವನ್ನು ನಿಷೇಧಿಸಿತು. ಪಂದ್ಯದಲ್ಲಿ ಸಾಯುತ್ತಿರುವವನಿಗೆ ಪಾಪನಿವೇದನೆ ಕೊಡಬಹುದು, ಆದರೆ ಸತ್ತರೆ ಧರ್ಮಸಭೆಯ ಅಂತ್ಯಸಂಸ್ಕಾರ ಇಲ್ಲ ಎಂದಿತು. ಯಾರೂ ಕೇಳಲಿಲ್ಲ. 1316ರಲ್ಲಿ ಪೋಪ್ 22ನೇ ಜಾನ್ ನಿಷೇಧವನ್ನು ತೆಗೆದರು.

ಕಥೆಗಾರರಿಗೆ ಮುಚ್ಚಿದ ಮುಖ ಒಳ್ಳೆಯ ಬಂಡವಾಳವಾಯಿತು. ಫ್ರಾನ್ಸಿನ ಕವಿ ಕ್ರೆತಿಯಾನ್ ದ ತ್ರ್ವಾ ಲ್ಯಾನ್ಸಲಾಟ್‌ನ ಕಥೆ ಹೇಳುವಾಗ ಅರ್ಧ ಕಥೆ ಮುಗಿಯುವವರೆಗೂ ನಾಯಕನ ಹೆಸರು ಹೇಳುವುದಿಲ್ಲ. ಅವನದೇ 'ಕ್ಲಿಜೆಸ್' ಕಥೆಯಲ್ಲಿ ನಾಯಕ ಆಕ್ಸ್‌ಫರ್ಡ್ ಪಂದ್ಯಕ್ಕೆ ನಾಲ್ಕು ದಿನ ನಾಲ್ಕು ಬಣ್ಣದ ಕವಚದಲ್ಲಿ ಬರುತ್ತಾನೆ. ಜನ ದಿನಾಲೂ ಹೊಸಬನೊಬ್ಬ ಬಂದನೆಂದು ತಿಳಿಯುತ್ತಾರೆ.

ಅಡುಗೆಮನೆಯ ಹುಡುಗ

ಇಂಥ ಕಥೆಗಳಲ್ಲಿ ನಮಗೆ ಅತಿ ಹತ್ತಿರವಾದದ್ದು ಗ್ಯಾರೆತ್‌ನದು. ಸರ್ ಥಾಮಸ್ ಮ್ಯಾಲರಿ ಬರೆದ 'ಲೆ ಮೋರ್ತ್ ದಾರ್ಥರ್' ಗ್ರಂಥದಲ್ಲಿ ಅದು ಬರುತ್ತದೆ. ಪೆಂತೆಕೋಸ್ತ್ ಹಬ್ಬದ ದಿನ ಹೆಸರು ಹೇಳದ ಯುವಕನೊಬ್ಬ ರಾಜ ಆರ್ಥರ್‌ನ ಆಸ್ಥಾನಕ್ಕೆ ಬಂದು ಒಂದು ವರ್ಷ ಊಟ ಕೇಳುತ್ತಾನೆ. ಸರ್ ಕೇ ಎಂಬವನು ಅವನಿಗೆ 'ಚೆಂದದ ಕೈಯವ' ಎಂಬ ಅರ್ಥದಲ್ಲಿ ಬೋಮೇನ್ಸ್ ಎಂದು ಅಡ್ಡಹೆಸರಿಟ್ಟು ಅಡುಗೆಮನೆಗೆ ಅಟ್ಟುತ್ತಾನೆ. ವರ್ಷ ಕಳೆದ ಮೇಲೆ ಲಿನೆಟ್ ಎಂಬ ಯುವತಿ ಅಕ್ಕನ ರಕ್ಷಣೆಗೆ ನೈಟ್ ಬೇಕೆಂದು ಬಂದಾಗ ಇವನು ಹೊರಡುತ್ತಾನೆ. ದಾರಿಯುದ್ದಕ್ಕೂ ಅವಳದ್ದು ಬೈಗುಳ: ಮೈಯಿಂದ ಅಡುಗೆಮನೆಯ ವಾಸನೆ ಬರುತ್ತದೆ, ದೂರ ನಡೆ! ಅವನು ಒಬ್ಬೊಬ್ಬ ನೈಟ್‌ನನ್ನು ಗೆದ್ದರೂ ಅವಳಿಗೆ ಅದೆಲ್ಲ ಅದೃಷ್ಟ.

ಕೊನೆಗೆ ಅವನು ಯಾರು? ರಾಜ ಲಾಟ್‌ನ ಮಗ, ಆರ್ಥರ್‌ನ ಸೋದರಳಿಯ.

ಇಲ್ಲಿ ನಾವು ನಿಂತೆವು. ಎಲ್ಲ ಕಥೆಗಳಲ್ಲೂ ಹೀಗೆಯೇ. 1819ರ ಕೊನೆಗೆ ಬಂದ ವಾಲ್ಟರ್ ಸ್ಕಾಟ್‌ನ 'ಐವನ್‌ಹೋ' ಕಾದಂಬರಿಯಲ್ಲಿ ಕಪ್ಪು ಕವಚದ ಅಪರಿಚಿತ ಯಾರು? ಸ್ವತಃ ರಾಜ ರಿಚರ್ಡ್. ಕಾಸರಗೋಡಿನ ನಾವು ರಾತ್ರಿಯಿಡೀ ಯಕ್ಷಗಾನದಲ್ಲಿ ವಿರಾಟ ಪರ್ವ ನೋಡಿದವರು. ಬೃಹನ್ನಳೆ ಯಾರು? ಅರ್ಜುನ. ಶಿರಸ್ತ್ರಾಣ ತೆಗೆದರೆ ಒಳಗೆ ದೊಡ್ಡ ಮನೆಯ ಮಗ ಇರಲೇಬೇಕು. ಅಡುಗೆಯ ಹುಡುಗ ಅಡುಗೆಯ ಹುಡುಗನಾಗಿಯೇ ಗೆದ್ದರೆ ಕೇಳುಗರಿಗೆ ಸಮಾಧಾನವಿಲ್ಲ. ನಗುವ ಮರದ ವಿಷಯದಲ್ಲೂ ಹೌಲಂಡ್ ರೀಡ್ ಎನ್ನುವವರ ವಿರುದ್ಧ ಬರುವ ಮೊದಲ ಮಾತು ಒಂದೇ: ಜೌಗಿನವನಿಗೆ ಈಟಿ ಹಿಡಿದು ಕುದುರೆ ಓಡಿಸಲು ಎಲ್ಲಿಂದ ಬರಬೇಕು? ವಾದ ಸರಿಯೇ ಇರಬಹುದು. ಆದರೂ ಅದರಲ್ಲಿ ಲಿನೆಟ್‌ಳ ದನಿ ಸ್ವಲ್ಪ ಕೇಳಿಸುತ್ತದೆ.

ಗ್ಯಾರೆತ್‌ನ ಕಥೆಗೆ ಒಂದು ನೋವಿನ ಕೊನೆಯೂ ಇದೆ. ಅವನನ್ನು ನೈಟ್ ಮಾಡಿದವನು ಲ್ಯಾನ್ಸಲಾಟ್. ಮುಂದೆ ರಾಣಿಯನ್ನು ಬೆಂಕಿಯಿಂದ ಬಿಡಿಸುವ ಗದ್ದಲದಲ್ಲಿ ಅದೇ ಲ್ಯಾನ್ಸಲಾಟ್ ಜನರ ನಡುವೆ ನಿಂತಿದ್ದ, ಆಯುಧವಿಲ್ಲದ ಗ್ಯಾರೆತ್‌ನನ್ನು ಗುರುತಿಸದೆ ಕಡಿದುಹಾಕುತ್ತಾನೆ. ಆ ಒಂದು ಸಾವಿನ ಸೇಡಿನಿಂದಲೇ ಆರ್ಥರ್‌ನ ರಾಜ್ಯ ಒಡೆಯುತ್ತದೆ. ಮೊದಲು ಹೆಸರಿಲ್ಲದವನೆಂದು ಹೀಯಾಳಿಸಿಕೊಂಡವನು ಕೊನೆಗೆ ಗುರುತು ಸಿಗದೆ ಸತ್ತ.

ಬರೆದವನೇ ಮರೆಯಲ್ಲಿ

ಈ ಕಥೆ ಬರೆದ ಮ್ಯಾಲರಿಯೇ ಒಂದು ಒಗಟು. ಗ್ರಂಥ ಮುಗಿದದ್ದು 1469-70ರಲ್ಲಿ, ಕ್ಯಾಕ್ಸ್‌ಟನ್ ಅಚ್ಚು ಹಾಕಿದ್ದು 1485ರಲ್ಲಿ. ಕೊನೆಯಲ್ಲಿ ಲೇಖಕ ತನ್ನ ಬಿಡುಗಡೆಗಾಗಿ ಪ್ರಾರ್ಥಿಸಿ ಎಂದು ಓದುಗರನ್ನು ಬೇಡುತ್ತಾನೆ. ಯಾವ ಬಿಡುಗಡೆ? 1934ರಲ್ಲಿ ವಾಲ್ಟರ್ ಓಕ್‌ಷಾಟ್ ಎಂಬವರು ವಿಂಚೆಸ್ಟರ್ ಕಾಲೇಜಿನಲ್ಲಿ ಇದರ ಹಸ್ತಪ್ರತಿ ಕಂಡುಹಿಡಿದಾಗ ಅದರಲ್ಲಿ ಲೇಖಕ ತನ್ನನ್ನು ಸೆರೆಯಲ್ಲಿರುವ ನೈಟ್ ಎಂದು ಕರೆದುಕೊಂಡದ್ದು ಸಿಕ್ಕಿತು.

ಆ ಹೆಸರಿನವರು ಆಗ ಒಬ್ಬರೇ ಇರಲಿಲ್ಲ. 19ನೇ ಶತಮಾನದ ಕೊನೆಗೆ ಹಾರ್ವರ್ಡ್‌ನ ಕಿಟ್ರಿಜ್ ಎಂಬ ವಿದ್ವಾಂಸ ವಾರಿಕ್‌ಷೈರ್‌ನ ಮ್ಯಾಲರಿಯತ್ತ ಬೆರಳು ತೋರಿಸಿದ. ಕಡತ ತೆಗೆದು ನೋಡಿದರೆ ಆ ಮನುಷ್ಯನ ಮೇಲೆ ದನಗಳ್ಳತನ, ಮಠಕ್ಕೆ ನುಗ್ಗಿದ್ದು, ಅತ್ಯಾಚಾರ ಮುಂತಾದ ಆರೋಪಗಳು! ಇಂಥವನು ನೈಟ್‌ಗಳ ಧರ್ಮದ ಬಗ್ಗೆ ಇಷ್ಟು ಚೆನ್ನಾಗಿ ಬರೆದಾನೇ ಎಂದು ಸಂಶಯಪಟ್ಟ ವಿಲಿಯಂ ಮ್ಯಾಥ್ಯೂಸ್ 1966ರಲ್ಲಿ ಯಾರ್ಕ್‌ಷೈರ್‌ನ ಇನ್ನೊಬ್ಬ ಮ್ಯಾಲರಿಯನ್ನು ಮುಂದಿಟ್ಟರು. 1993ರಲ್ಲಿ ಪಿ. ಜೆ. ಸಿ. ಫೀಲ್ಡ್ ದಾಖಲೆಗಳನ್ನು ಜಾಲಾಡಿ ವಾರಿಕ್‌ಷೈರ್‌ನವನೇ ಸರಿ ಎಂದು ವಾದಿಸಿದರು. ಇಂದು ಹೆಚ್ಚಿನವರು ಒಪ್ಪುವುದು ಅದನ್ನೇ. ಒಳ್ಳೆಯ ಮಾತು ಒಳ್ಳೆಯ ಹೆಸರಿನವನಿಂದಲೇ ಬರಬೇಕೆಂಬ ಆಸೆ ವಿದ್ವಾಂಸರನ್ನೂ ಬಿಟ್ಟಿಲ್ಲ.

ಸ್ಕಾಟ್‌ನದು ಇನ್ನೂ ಸ್ವಾರಸ್ಯದ ವಿಷಯ. 1814ರ 'ವೇವರ್ಲಿ'ಯಿಂದ ಶುರುವಾಗಿ ಅವನ ಕಾದಂಬರಿಗಳು ಹೆಸರಿಲ್ಲದೆ ಬರುತ್ತಿದ್ದವು. ದೇಶವೆಲ್ಲ ಲೇಖಕ ಯಾರೆಂದು ಊಹಿಸುತ್ತಿತ್ತು. 1821ರಲ್ಲಿ ಜಾನ್ ಲೀಸೆಸ್ಟರ್ ಅಡಾಲ್ಫಸ್ ಎಂಬ ನಮ್ಮ ವಯಸ್ಸಿನ ಯುವಕ ಒಂದು ಇಡೀ ಪುಸ್ತಕವನ್ನೇ ಬರೆದ. ಕವಿ ಸ್ಕಾಟ್‌ನ ಕಾವ್ಯಗಳನ್ನೂ ಈ ಕಾದಂಬರಿಗಳನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ನಾಯಿಗಳ ಮೇಲಿನ ಪ್ರೀತಿಯಂಥ ಸಣ್ಣ ಸಣ್ಣ ಹೋಲಿಕೆಗಳನ್ನು ಹೆಕ್ಕಿ, ಇಬ್ಬರೂ ಒಬ್ಬನೇ ಎಂದು ತೋರಿಸಿದ. ಸ್ಕಾಟ್ ಅವನನ್ನು ತನ್ನ ಮನೆಗೆ ಅತಿಥಿಯಾಗಿ ಕರೆದ! 1827ರಲ್ಲಷ್ಟೇ ಎಡಿನ್‌ಬರೋದ ಒಂದು ಔತಣದಲ್ಲಿ ಸ್ಕಾಟ್ ಬಹಿರಂಗವಾಗಿ ಒಪ್ಪಿಕೊಂಡ. ಊಹೆ ಮಾಡುವುದು ಸೋಮಾರಿಗಳ ಕೆಲಸ ಎನ್ನುವವರಿಗೆ ಅಡಾಲ್ಫಸ್ ಉತ್ತರ. ಒಳ್ಳೆಯ ಊಹೆಗೆ ಒಳ್ಳೆಯ ಓದು ಬೇಕು.

ಕತ್ತಿ ಬಿಟ್ಟವನು

ಈ ಇತಿಹಾಸದಲ್ಲಿ ಬೇರೆ ದಾರಿ ಹಿಡಿದ ಒಬ್ಬರು ನಮಗೆ ಸಿಕ್ಕಿದರು, ಅವರು ಕಥೆಯ ಪಾತ್ರವಲ್ಲ. ಲೊಯೋಲಾದ ಸಂತ ಇಗ್ನೇಷಿಯಸ್. ಯೌವನದಲ್ಲಿ ಅವರೂ ನಮ್ಮಂತೆ ಇಂಥ ಪುಸ್ತಕಗಳ ಹುಚ್ಚಿನವರು. 1508ರಲ್ಲಿ ಅಚ್ಚಾದ 'ಅಮಾದಿಸ್ ದ ಗೌಲಾ' ಅವರ ತಲೆಯಲ್ಲಿ ತುಂಬಿತ್ತು. ಅದರ ನಾಯಕನೂ ಒಮ್ಮೆ ಹೆಸರು ಬದಲಿಸಿ ಸಂನ್ಯಾಸಿಯಂತೆ ಅಡಗಿರುತ್ತಾನೆ. 1521ರಲ್ಲಿ ಪಾಂಪ್ಲೋನಾದಲ್ಲಿ ಕಾಲಿಗೆ ಗುಂಡು ಬಿದ್ದು ಹಾಸಿಗೆ ಹಿಡಿದಾಗ ಅವರು ಕೇಳಿದ್ದೂ ಇಂಥ ಪುಸ್ತಕಗಳನ್ನೇ. ಮನೆಯಲ್ಲಿ ಇರಲಿಲ್ಲ, ಕ್ರಿಸ್ತನ ಮತ್ತು ಸಂತರ ಚರಿತ್ರೆ ಸಿಕ್ಕಿತು. ಮುಂದಿನದು ನಮಗೆಲ್ಲ ಗೊತ್ತು.

1522ರ ಮಾರ್ಚ್‌ನಲ್ಲಿ ಮೊಂಟ್‌ಸೆರಾಟ್‌ನಲ್ಲಿ ಅವರು ತಮ್ಮ ಬೆಲೆಬಾಳುವ ಉಡುಪನ್ನು ಒಬ್ಬ ಬಡವನಿಗೆ ಕೊಟ್ಟು, ಕತ್ತಿಯನ್ನು ಮಾತೆ ಮರಿಯಮ್ಮನವರಿಗೆ ಒಪ್ಪಿಸಿ, ಹೊಸ ನೈಟ್‌ಗಳಂತೆ ರಾತ್ರಿಯಿಡೀ ಜಾಗರಣೆ ಇದ್ದರು. ಬೆಳಗಾಗುತ್ತಲೇ ಬಾರ್ಸೆಲೋನಾದ ದಾರಿ ಬಿಟ್ಟು ಮನ್ರೇಸಾದತ್ತ ತಿರುಗಿದರು. ಕಾರಣ, ಆ ದಾರಿಯಲ್ಲಿ ಗುರುತಿನವರು ಸಿಕ್ಕಿ ಗೌರವಿಸಿಯಾರು ಎಂಬ ಭಯ. ಅಷ್ಟರಲ್ಲಿ ಆ ಉಡುಪು ಹಾಕಿಕೊಂಡ ಬಡವನನ್ನು ಕಳ್ಳನೆಂದು ಹಿಡಿದಿದ್ದರು. ವಿಷಯ ತಿಳಿದು ಇಗ್ನೇಷಿಯಸ್ ಅತ್ತರು. ಒಳ್ಳೆಯ ಬಟ್ಟೆ ಬಡವನ ಮೈಮೇಲಿದ್ದರೆ ಲೋಕ ನಂಬುವುದಿಲ್ಲ. ಕಥೆಯ ನೈಟ್ ಹೆಸರು ಗಳಿಸಲು ಹೆಸರು ಮುಚ್ಚಿದ. ಇವರು ಹೆಸರನ್ನೇ ಬಿಡಲು ಮುಚ್ಚಿದರು.

ನಮ್ಮ ಹಾಲ್‌ಗೆ ಮರಳಿ

ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲ ಪ್ರಶ್ನೆ "ಯಾವ ಮನೆ? ಯಾರ ಮಗ?" ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ ಉತ್ತರ ಇಲ್ಲದವನ ಗತಿ ಏನು? ಕೆಲವು ವರ್ಷಗಳ ಹಿಂದೆ ಕೆಂಪುಕಲ್ಲಿನ ಕೋರೆಯ ಕೆಲಸಕ್ಕೆ ದೂರದ ರಾಜ್ಯದಿಂದ ಬಂದ ಒಬ್ಬ ಹುಡುಗ ನಮ್ಮ ಇಗರ್ಜಿಗೆ ಬರುತ್ತಿದ್ದ. ಭಾಷೆ ಬಾರದು. ಸುಮಾರು ಒಂದು ವರ್ಷ ಪ್ರತಿ ಕಾರ್ಯಕ್ರಮಕ್ಕೂ ನಮ್ಮೊಟ್ಟಿಗೆ ಕುರ್ಚಿ ಹೊತ್ತ, ಪಾತ್ರೆ ತೊಳೆದ. ನಾವು ಅವನನ್ನು 'ಭಾಯಿ' ಎಂದೇ ಕರೆದೆವು. ಒಂದು ದಿನ ಅವನು ಬರಲಿಲ್ಲ. ಊರಿಗೆ ಹೋದನೆಂದು ಯಾರೋ ಹೇಳಿದರು. ಆಗ ಗೊತ್ತಾಯಿತು, ನಮ್ಮಲ್ಲಿ ಒಬ್ಬರಿಗೂ ಅವನ ಹೆಸರು ಗೊತ್ತಿರಲಿಲ್ಲ. ಪುಸ್ತಕದ ನೈಟ್‌ಗಾಗಿ ಅರ್ಧ ಗಂಟೆ ಜಗಳವಾಡಿದ ನಾವು ಅವನನ್ನು ಅರ್ಧ ನಿಮಿಷ ಕೇಳಲಿಲ್ಲ.

ಅವನು ರಾಜಕುಮಾರ ಆಗಿರಲಿಲ್ಲ. ಆಗಬೇಕಾಗಿಯೂ ಇರಲಿಲ್ಲ.

ಪಿಯುಸಿ ಹುಡುಗನ ಪ್ರಶ್ನೆಗೆ ಈಗ ನಮ್ಮ ಉತ್ತರ ಇದು: ದೊಡ್ಡ ಮನೆಯವನಲ್ಲದಿದ್ದರೂ ಆ ಗುರಾಣಿ ನಗುತ್ತಲೇ ಇರುತ್ತದೆ ತಮ್ಮಾ. ಒದೆ ತಿಂದವನ ಪರವಾಗಿ ಒಬ್ಬರು ನಿಂತರು ಎಂಬುದು ಸುಳ್ಳಾಗುವುದಿಲ್ಲ. ಊಹೆ ಮಾಡುವುದನ್ನು ಬಿಡಬೇಕಾಗಿಲ್ಲ, ನಾವೂ ಬಿಡುವುದಿಲ್ಲ. ಮುಂದಿನ ಮಳೆಗೆ ಮತ್ತೆ ವಾದ ಇದ್ದೇ ಇದೆ. ಆದರೆ ಮುಂದಿನ ಭಾನುವಾರ ಹಿಂದಿನ ಬೆಂಚಿನಲ್ಲಿ ಒಬ್ಬರೇ ಕುಳಿತವರು ಕಂಡರೆ "ಯಾರ ಮಗ?" ಎಂದು ಕೇಳುವ ಮೊದಲು "ನಿನ್ನ ಹೆಸರೇನು?" ಎಂದು ಕೇಳೋಣ.