ಎಂಜಿನ್ ತಾಪದ ಸೆನ್ಸರ್: ದೋಷ ಹುಡುಕುವ ವಿದ್ಯೆ ಬೆಳೆದ ಬಗೆ

ಕಾರಿನ ಎಂಜಿನ್ ಎಷ್ಟು ಕಾದಿದೆ ಎಂದು ತಿಳಿಸುವ ಮೊದಲ ಜನಪ್ರಿಯ ಸಾಧನ ರೇಡಿಯೇಟರ್ ಮುಚ್ಚಳದ ಮೇಲೆ ನಿಂತಿತ್ತು. 1910ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಬಾಯ್ಸ್ ಮೋಟೋಮೀಟರ್ ಎಂದರೆ ದುಂಡು ಗಾಜಿನೊಳಗಿನ ಒಂದು ಥರ್ಮಾಮೀಟರ್. ಅದರ ದ್ರವ ಮೇಲೇರುವುದು ಚಾಲಕನಿಗೆ ಕುಳಿತಲ್ಲಿಂದಲೇ ಕಾಣುತ್ತಿತ್ತು. ಆದರೆ ಅದು ಅಳೆಯುತ್ತಿದ್ದುದು ರೇಡಿಯೇಟರಿನ ನೀರಿನ ಮೇಲಿದ್ದ ಆವಿಯ ಬಿಸಿಯನ್ನೇ ಹೊರತು ಎಂಜಿನ್ನಿನ ಬಿಸಿಯನ್ನಲ್ಲ. ಕಾಯುವ ಜಾಗ ಒಂದು, ಅಳೆಯುವ ಜಾಗ ಇನ್ನೊಂದು ಎಂಬ ಈ ತೊಡಕು ಮುಂದೆ ಬಂದ ಸೆನ್ಸರ್‌ಗಳನ್ನೂ ಬಿಟ್ಟಿಲ್ಲ. ಹಾಗಾಗಿ ಕೆಟ್ಟಿದ್ದು ಎಂಜಿನ್ನೋ, ಅದರ ಸುದ್ದಿ ಹೇಳುವ ಸಾಧನವೋ ಎಂಬ ಪ್ರಶ್ನೆಯೂ ಅಂದಿನಿಂದ ಬೆನ್ನಿಗಿದೆ.

ಅಳತೆಯನ್ನು ಡ್ಯಾಶ್‌ಬೋರ್ಡಿಗೆ ತಂದದ್ದು ಫ್ರಾನ್ಸಿನ ಯೂಜಿನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದಿದ್ದ ಬಾಗಿದ ಕೊಳವೆ. ಎಂಜಿನ್ನಿನ ನೀರಿನಲ್ಲಿ ಮುಳುಗಿದ ಬಲ್ಬಿನಲ್ಲಿ ಈಥರ್‌ನಂಥ ಬೇಗ ಆವಿಯಾಗುವ ದ್ರವ, ಅಲ್ಲಿಂದ ಡ್ಯಾಶ್‌ಬೋರ್ಡಿನವರೆಗೆ ಕೂದಲೆಳೆಯಷ್ಟು ರಂಧ್ರದ ತಾಮ್ರದ ನಳಿಗೆ. ಬಿಸಿಯಾದಾಗ ಒತ್ತಡ ಏರುತ್ತದೆ, ಬಾಗಿದ ಕೊಳವೆ ನೆಟ್ಟಗಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಇಲ್ಲಿ ಪರೀಕ್ಷೆ ಸರಳ: ಬಲ್ಬನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಇಳಿಬಿಡುವುದು. ಮುಳ್ಳು ಅಲುಗದಿದ್ದರೆ ನಳಿಗೆ ಎಲ್ಲೋ ಸೀಳಿ ದ್ರವ ಸೋರಿಹೋಗಿದೆ ಎಂದರ್ಥ. ಇಡೀ ಜೋಡಣೆಯನ್ನೇ ಬದಲಿಸಬೇಕು.

ನಂತರ ಬಂದ ವಿದ್ಯುತ್ ಗೇಜು ನಳಿಗೆಯ ಜಾಗದಲ್ಲಿ ತಂತಿಯನ್ನು ಇಟ್ಟಿತು. ಜೊತೆಗೆ ಅನುಮಾನಿಸಬೇಕಾದ ಭಾಗಗಳೂ ಹೆಚ್ಚಿದವು. ಅನೇಕ ಬ್ರಿಟಿಷ್ ಕಾರುಗಳಲ್ಲಿ ಪೆಟ್ರೋಲ್ ಗೇಜಿಗೂ ತಾಪದ ಗೇಜಿಗೂ ಸುಮಾರು 10 ವೋಲ್ಟ್ ಕೊಡುವ ಒಂದೇ ಸ್ಟೆಬಿಲೈಸರ್ ಇರುತ್ತಿತ್ತು. ಎರಡೂ ಗೇಜುಗಳು ಒಟ್ಟಿಗೆ ತಪ್ಪು ತೋರಿಸಿದರೆ ದೋಷ ಸ್ಟೆಬಿಲೈಸರಿನದು; ತಾಪದ ಗೇಜೊಂದೇ ತಪ್ಪಿದರೆ ಸೆನ್ಸರನ್ನೋ ತಂತಿಯನ್ನೋ ನೋಡಬೇಕು. ಸೆನ್ಸರಿನ ತಂತಿ ಕಿತ್ತರೆ ಮುಳ್ಳು ತಣ್ಣನೆಯ ಕಡೆಗೆ ಬೀಳುತ್ತದೆ. ಅದೇ ತಂತಿಯನ್ನು ಎಂಜಿನ್ ಬ್ಲಾಕಿಗೆ ಕ್ಷಣಕಾಲ ಮುಟ್ಟಿಸಿದರೆ ಬಿಸಿಯ ಕಡೆಗೆ ಏರುತ್ತದೆ. ಹೀಗೆ ಏರಿಳಿದರೆ ಗೇಜು, ತಂತಿ ಎರಡೂ ಸರಿ, ಕೆಟ್ಟಿರುವುದು ಸೆನ್ಸರ್. ಈ ಪರೀಕ್ಷೆಯ ತರ್ಕವೇ ಮುಂದೆ ಕಂಪ್ಯೂಟರ್ ಇರುವ ಕಾರುಗಳಿಗೂ ದಾಟಿತು.

ಇಂದಿನ ಸೆನ್ಸರ್‌ಗಳ ಒಳಗಿರುವುದು ಥರ್ಮಿಸ್ಟರ್. ಬಿಸಿಯಾದಂತೆ ಸಿಲ್ವರ್ ಸಲ್ಫೈಡಿನ ರೋಧ ಇಳಿಯುವುದನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಗಮನಿಸಿದ್ದ. ಬಳಕೆಗೆ ಯೋಗ್ಯವಾದ ಥರ್ಮಿಸ್ಟರ್ ರೂಪುಗೊಂಡದ್ದು ಒಂದು ಶತಮಾನದ ನಂತರ, 1930ರಲ್ಲಿ, ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ಕೈಯಲ್ಲಿ. ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್ ಆಕ್ಸೈಡುಗಳ ಈ ಪುಟ್ಟ ಮಣಿಯ ರೋಧ ಬಿಸಿಗೆ ಕಡಿದಾಗಿ ಇಳಿಯುತ್ತದೆ. ಬಾಷ್ ಮಾದರಿಯ ಸೆನ್ಸರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2,500 ಓಮ್ ಇರುವುದು 80 ಡಿಗ್ರಿಗೆ ಬರುವಷ್ಟರಲ್ಲಿ 300ರ ಆಸುಪಾಸಿಗೆ ಇಳಿದಿರುತ್ತದೆ.

ಸೆನ್ಸರಿನ ಕೆಲಸವೇ ಬದಲಾದದ್ದು 1967ರಲ್ಲಿ. ಆ ವರ್ಷ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600ರಲ್ಲಿ ಬಂತು. ಆ ಕಾರಿನದು ಗಾಳಿಯಿಂದ ತಂಪಾಗುವ ಎಂಜಿನ್. ನೀರೇ ಇಲ್ಲದ್ದರಿಂದ ಸೆನ್ಸರನ್ನು ನೇರವಾಗಿ ಸಿಲಿಂಡರ್ ಹೆಡ್ಡಿಗೆ ಕೂರಿಸಲಾಗಿತ್ತು. ಅಲ್ಲಿಯವರೆಗೆ ತಾಪದ ಅಳತೆ ಚಾಲಕನಿಗೆ ಬರೀ ಸುದ್ದಿಯಾಗಿತ್ತು, ಇನ್ನು ಮುಂದೆ ಅದು ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸತೊಡಗಿತು. ಗೇಜಿನ ಸೆನ್ಸರ್ ಕೆಟ್ಟರೆ ಮುಳ್ಳು ಮಾತ್ರ ತಪ್ಪುತ್ತಿತ್ತು. ಈ ಸೆನ್ಸರ್ ಕೆಟ್ಟರೆ ಎಂಜಿನ್ ಓಡುವ ರೀತಿಯೇ ಕೆಡುತ್ತದೆ. ತಂತಿ ತುಂಡಾಗಿ ರೋಧ ಅಪಾರವಾದರೆ ಕಂಟ್ರೋಲ್ ಯೂನಿಟ್ (ಇಸಿಯು) ಎಂಜಿನ್ ಹೆಪ್ಪುಗಟ್ಟುವಷ್ಟು ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತದೆ: ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮಸಿ ಹಿಡಿದ ಪ್ಲಗ್ಗುಗಳು, ಕುಸಿದ ಮೈಲೇಜ್. ತಂತಿ ಶಾರ್ಟ್ ಆದರೆ ಇದಕ್ಕೆ ತದ್ವಿರುದ್ಧ: ಬೆಳಗಿನ ಚಳಿಯಲ್ಲಿ ಸ್ಟಾರ್ಟಿಂಗ್ ಟ್ರಬಲ್, ಒಮ್ಮೆ ಬಿಸಿಯಾದ ಮೇಲೆ ಏನೂ ತೊಂದರೆ ಇಲ್ಲ. ಆ ಕಾಲದ ಯೂನಿಟ್ಟಿಗೆ ತನ್ನ ದೋಷ ತಾನೇ ಹೇಳುವ ಶಕ್ತಿ ಇರಲಿಲ್ಲ. ಓಮ್ ಮೀಟರಿನ ಅಳತೆಯನ್ನು ಕಂಪನಿಯ ಪಟ್ಟಿಗೆ ಹೋಲಿಸಿ ನೋಡುವುದೊಂದೇ ದಾರಿ.

ಇಂಜೆಕ್ಷನ್ ಬಂದ ಮೇಲೆ ಹಲವು ಕಾರುಗಳಲ್ಲಿ ಎರಡೆರಡು ಸೆನ್ಸರ್‌ಗಳಾದವು: ಗೇಜಿಗೆ ಒಂದು ತಂತಿಯದು, ಇಸಿಯುಗೆ ಎರಡು ತಂತಿಯದು. ಗೇಜಿನ ಮುಳ್ಳು ನಡುವೆ ನಿಂತಿದೆ, ಆದ್ದರಿಂದ ಸೆನ್ಸರ್ ಸರಿಯಿದೆ ಎಂಬ ತಪ್ಪು ತೀರ್ಮಾನ ಹಳೆಯ ಕಾರುಗಳ ವಿಷಯದಲ್ಲಿ ಇಂದಿಗೂ ಸಾಮಾನ್ಯ. ಒಂದು ತಂತಿಯ ಸೆನ್ಸರಿಗೆ ಅರ್ಥಿಂಗ್ ಸಿಗುವುದು ಅದರ ತಿರುಪಿನ ಮರೆಯ (ಥ್ರೆಡ್) ಮೂಲಕ. ಅದಕ್ಕೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದರೆ ಹೊಸ ಸೆನ್ಸರೂ ಸುಳ್ಳು ಹೇಳುತ್ತದೆ.

ದೋಷವನ್ನು ಕಾರೇ ಹೇಳುವ ಪದ್ಧತಿ 1980ರ ದಶಕದ ಆರಂಭದಲ್ಲಿ ಬಂತು. ಜನರಲ್ ಮೋಟಾರ್ಸ್ ಕಾರುಗಳಲ್ಲಿ ಕನೆಕ್ಟರಿನ ಎರಡು ಪಿನ್‌ಗಳನ್ನು ತಂತಿಯಿಂದ ಸೇರಿಸಿದರೆ ಚೆಕ್ ಎಂಜಿನ್ ದೀಪ ಮಿನುಗಿ ಸಂಖ್ಯೆ ಹೇಳುತ್ತಿತ್ತು: 14 ಎಂದರೆ ಕೂಲೆಂಟ್ ಸೆನ್ಸರ್ ಶಾರ್ಟ್, 15 ಎಂದರೆ ತಂತಿ ತುಂಡು. ಆದರೆ ಈ ಕೋಡುಗಳು ಹಿಡಿಯುತ್ತಿದ್ದುದು ಎರಡು ಅತಿಗಳನ್ನು ಮಾತ್ರ. ಇಪ್ಪತ್ತು ಡಿಗ್ರಿ ತಪ್ಪು ಹೇಳುವ ಸೆನ್ಸರ್ ಯಾವ ಕೋಡನ್ನೂ ಹುಟ್ಟಿಸುತ್ತಿರಲಿಲ್ಲ. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದ ಒಬಿಡಿ-2 ಎಂಬ ಸ್ವಯಂ ದೋಷಪತ್ತೆ ವ್ಯವಸ್ಥೆ ಈ ಕೊರತೆಯನ್ನು ಒಂದಷ್ಟು ತುಂಬಿತು. ಅದರ ಕೋಡುಗಳಲ್ಲಿ ಪಿ0117 ಮತ್ತು ಪಿ0118 ಹಳೆಯ ಎರಡು ಅತಿಗಳೇ. ಪಿ0116 ಮಾತ್ರ ಹೊಸ ಬಗೆಯದು, ಸೆನ್ಸರ್ ಹೇಳುವುದು ನಂಬುವಂತಿದೆಯೇ ಎಂದು ಇಸಿಯು ತಾನೇ ತೂಗಿ ನೋಡಿ ಕೊಡುವ ಕೋಡ್ ಅದು. ಈ ಕೋಡುಗಳನ್ನು ಓದುವ ಸ್ಕ್ಯಾನರಿನಲ್ಲಿ ತಾಪದ ಅಳತೆ ಮೈನಸ್ 40ರಿಂದ ಆರಂಭವಾಗುತ್ತದೆ. ನಮ್ಮ ಊರುಗಳಲ್ಲಿ ನಿಂತ ಕಾರು ಮೈನಸ್ 40 ಡಿಗ್ರಿ ಎಂದು ತೋರಿಸಿದರೆ ಕೋಡ್ ಓದುವ ಮೊದಲೇ ತಂತಿ ಕಿತ್ತಿದೆ ಎನ್ನಬಹುದು.

ಭಾರತಕ್ಕೆ ಈ ವಿದ್ಯೆ ತಡವಾಗಿ ಬಂತು. 1999ರಲ್ಲಿ ಸುಪ್ರೀಂ ಕೋರ್ಟ್ ದೆಹಲಿ ವಲಯಕ್ಕೆ ಯೂರೋ ಮಾಲಿನ್ಯ ಮಾನದಂಡಗಳನ್ನು ಬೇಗ ಜಾರಿಗೊಳಿಸಲು ಆದೇಶಿಸಿದ ಮೇಲೆ ಕಾರ್ಬ್ಯುರೇಟರ್ ಹಿಂದೆ ಸರಿದು ಇಂಜೆಕ್ಷನ್ ಪದ್ಧತಿಯಾದ ಎಂಪಿಎಫ್‌ಐ ಮುಂದೆ ಬಂತು. ಒಬಿಡಿ ಕಡ್ಡಾಯವಾದದ್ದು 2010ರಲ್ಲಿ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಬಿಎಸ್-4 ಮಾಲಿನ್ಯ ಮಾನದಂಡ ಜಾರಿಯಾದಾಗ. ನಡುವಿನ ಹತ್ತು ವರ್ಷಗಳ ಕಾರುಗಳಿಗೆ ಇಸಿಯು ಇದೆ, ಆದರೆ ಅವುಗಳಲ್ಲಿ ಕೆಲವು ಸಾಮಾನ್ಯ ಸ್ಕ್ಯಾನರಿಗೆ ಉತ್ತರ ಕೊಡುವುದಿಲ್ಲ. ಇದರ ಮೇಲೆ ಗ್ಯಾರೇಜಿನ ಒಂದು ಹಳೆಯ ರೂಢಿಯೂ ಸೇರಿದೆ: ಎಂಜಿನ್ ಬಿಸಿಯಾಗುತ್ತದೆಂದು ಎಂಜಿನ್ ಕಾಯುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟನ್ನೇ ಕಿತ್ತುಹಾಕುವುದು. ಕಾರ್ಬ್ಯುರೇಟರ್ ಕಾಲದಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ಎಂಪಿಎಫ್‌ಐ ಎಂಜಿನ್ ಹೆದ್ದಾರಿಯಲ್ಲಿ 60 ಡಿಗ್ರಿ ದಾಟದೆ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಸೆನ್ಸರ್ ನಿಜವನ್ನೇ ಹೇಳುತ್ತಿದ್ದರೂ ಬದಲಾಗುವುದು ಸೆನ್ಸರೇ. ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿದರೆ ಸೆನ್ಸರಿನ ತುದಿಗೆ ಸುಣ್ಣದ ಪದರ ಕಟ್ಟಿ ಅದು ನಿಧಾನಗತಿಯದಾಗುತ್ತದೆ.

ಹಳೆಯ ಕಾರಿನಲ್ಲಿ ಹೆಚ್ಚು ಮೋಸ ಮಾಡುವುದು ಸೆನ್ಸರಿಗಿಂತ ಅದರ ಕನೆಕ್ಟರ್. ಹಸಿರು ಕಿಲುಬು ಕಟ್ಟಿದ ಪಿನ್ನಿನಲ್ಲಿ 200 ಓಮ್ ಹೆಚ್ಚುವರಿ ರೋಧ ಇದೆಯೆನ್ನಿ. ತಣ್ಣಗಿದ್ದಾಗ 2,500ಕ್ಕೆ 200 ಸೇರಿದರೆ ಒಂದೆರಡು ಡಿಗ್ರಿ ಮಾತ್ರ ವ್ಯತ್ಯಾಸ. ಆದರೆ 80 ಡಿಗ್ರಿಯಲ್ಲಿ 300 ಚಿಲ್ಲರೆ ಓಮ್‌ಗೆ 200 ಸೇರಿದಾಗ ಇಸಿಯು ಅದನ್ನು 65ರ ಆಸುಪಾಸು ಎಂದು ಓದುತ್ತದೆ. ಸೆನ್ಸರನ್ನು ಬಿಚ್ಚಿ ಅಳೆದರೆ ಈ ದೋಷ ಸಿಗುವುದೇ ಇಲ್ಲ. ಕನೆಕ್ಟರ್ ಹಾಕಿದಂತೆಯೇ, ಎಂಜಿನ್ ಬಿಸಿಯಿರುವಾಗ ವೋಲ್ಟೇಜ್ ನೋಡಬೇಕು.

ಆದ್ದರಿಂದ ಈಗಿನ ಕ್ರಮ ಹೋಲಿಕೆಯಿಂದ ಆರಂಭವಾಗುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸ್ಟಾರ್ಟ್ ಮಾಡುವ ಮೊದಲು ಕೂಲೆಂಟ್ ಸೆನ್ಸರ್ ಮತ್ತು ಒಳಬರುವ ಗಾಳಿಯ ಸೆನ್ಸರ್ ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸಬೇಕು. ಎಂಜಿನ್ ಓಡತೊಡಗಿದಾಗ ಗ್ರಾಫ್ ನುಣುಪಾಗಿ ಏರಿ ಥರ್ಮೋಸ್ಟಾಟ್ ತೆರೆಯುವ ಹಂತದಲ್ಲಿ ಸ್ವಲ್ಪ ತಗ್ಗಿ ನೆಲೆಗೊಳ್ಳಬೇಕು; ನಡುವೆ ತಟ್ಟನೆ ಜಿಗಿದರೆ ವೈರಿಂಗ್ ಅಲುಗಾಡಿಸಿ ನೋಡಬೇಕು. ಥರ್ಮೋಸ್ಟಾಟಿನ ಗೂಡಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಕಾರಿನ ವೈರಿಂಗಿಗೆ ಸಂಬಂಧವೇ ಇಲ್ಲದ ಇನ್ನೊಂದು ಅಳತೆ ಸಿಗುತ್ತದೆ. ಕೊನೆಗೆ ಕನೆಕ್ಟರ್ ಕಿತ್ತಾಗ ಮೈನಸ್ 40, ಅದರ ಎರಡು ಪಿನ್ ಸೇರಿಸಿದಾಗ ಅಳತೆಯ ಮೇಲಿನ ತುದಿ ಬಂದರೆ ತಂತಿಯೂ ಇಸಿಯುವೂ ಆರೋಪಮುಕ್ತ. ಕೆಲವು ಕಾರುಗಳಲ್ಲಿ ಇಸಿಯು ಸೆನ್ಸರ್ ಸತ್ತಿದೆ ಎಂದು ಕಂಡೊಡನೆ ಊಹೆಯ ಅಂಕಿಯೊಂದನ್ನು ಬಳಸಿ ರೇಡಿಯೇಟರ್ ಫ್ಯಾನನ್ನು ಬಿಡದೆ ಓಡಿಸುತ್ತದೆ; ಅಲ್ಲಿ ತಣ್ಣನೆಯ ಎಂಜಿನ್ನಿನಲ್ಲಿ ಫ್ಯಾನ್ ತಿರುಗುವುದೇ ಮೊದಲ ಸುಳಿವು.

ಸೆನ್ಸರ್ ಬದಲಿಸಿದ ಮೇಲೆ ಕೂಲೆಂಟ್ ತುಂಬಿ ಒಳಗಿನ ಗಾಳಿಯನ್ನು ಪೂರ್ತಿ ಹೊರಬಿಡಬೇಕು. ತುದಿಯ ಸುತ್ತ ಗಾಳಿಯ ಗುಳ್ಳೆ ಉಳಿದರೆ ಹೊಸ ಸೆನ್ಸರೂ ನೀರನ್ನು ಬಿಟ್ಟು ಆವಿಯನ್ನೇ ಅಳೆಯುತ್ತದೆ. ಕೋಡ್ ಅಳಿಸಿ, ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಿಂದ ಅದೇ ಗ್ರಾಫನ್ನು ಮತ್ತೊಮ್ಮೆ ತೆಗೆದು ನೋಡಿದಾಗಲೇ ರಿಪೇರಿ ಪೂರ್ಣ.