ಅಲಾಸ್ಕಾದ ತೈಲಸೋರಿಕೆ ಶಾಸನಗಳು

ತೈಲಸೋರಿಕೆಯನ್ನು ಎದುರಿಸುವ ಸಿದ್ಧತೆಗೂ ಅದನ್ನು ವಿಪತ್ತೆಂದು ಘೋಷಿಸುವುದಕ್ಕೂ ಅಮೆರಿಕದ ಅಲಾಸ್ಕಾ ರಾಜ್ಯ ರೂಪಿಸಿಕೊಂಡ ಕಾನೂನುಗಳು. ಇವುಗಳಿಗೆ ಈಗಿನ ರೂಪ ಬಂದದ್ದು 1989ರ ಎಕ್ಸಾನ್ ವಾಲ್ಡೀಜ್ ಹಡಗಿನ ಅವಘಡದ ಬಳಿಕ.

ಕಡಲಲ್ಲಿ ಓಡಾಡುವ ಹಡಗಿನ ಮೇಲೆ ಒಂದು ರಾಜ್ಯದ ಅಧಿಕಾರ ಎಲ್ಲಿಯವರೆಗೆ ನಡೆಯುತ್ತದೆ ಎಂಬ ಪ್ರಶ್ನೆ ಮೊದಲು ನ್ಯಾಯಾಲಯಗಳಲ್ಲಿ ತೀರ್ಮಾನವಾಗಬೇಕಾಯಿತು. ಸೋರಿಕೆಯ ನಷ್ಟಕ್ಕೆ ಹಡಗಿನವರನ್ನೇ ಹೊಣೆ ಮಾಡಿದ್ದ ಫ್ಲಾರಿಡಾದ 1970ರ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ ಎತ್ತಿಹಿಡಿಯಿತು. ವಾಷಿಂಗ್ಟನ್ ರಾಜ್ಯವು ಟ್ಯಾಂಕರ್‌ಗಳ ವಿನ್ಯಾಸ ಮತ್ತು ಗಾತ್ರದ ಮೇಲೆ ಹೇರಿದ್ದ ನಿಯಮಗಳನ್ನು ಮಾತ್ರ ಅದೇ ಕೋರ್ಟ್ 1978ರಲ್ಲಿ ತಳ್ಳಿಹಾಕಿತು. ಹಡಗನ್ನು ಹೇಗೆ ಕಟ್ಟಬೇಕೆಂದು ಹೇಳುವ ಅಧಿಕಾರ ಹೀಗೆ ಒಕ್ಕೂಟ ಸರ್ಕಾರದಲ್ಲೇ ಉಳಿಯಿತು. ನಷ್ಟ ಪರಿಹಾರ, ದಡದ ರಕ್ಷಣೆಗಳಲ್ಲಿ ರಾಜ್ಯಗಳಿಗೆ ಅವಕಾಶ ಸಿಕ್ಕಿತು.

ಪ್ರೂಡೊ ಕೊಲ್ಲಿಯಿಂದ ವಾಲ್ಡೀಜ್ ಬಂದರಿನವರೆಗಿನ ಸುಮಾರು 1,300 ಕಿ.ಮೀ. ಕೊಳವೆಮಾರ್ಗದಲ್ಲಿ 1977ರಲ್ಲಿ ತೈಲ ಹರಿಯತೊಡಗಿತು. ಅಲಾಸ್ಕಾದ ವಿಪತ್ತು ಕಾಯ್ದೆಯೂ ಅದೇ ವರ್ಷದ್ದು. ಅದರ ಪ್ರಕಾರ ಗವರ್ನರ್ ವಿಪತ್ತು ತುರ್ತುಸ್ಥಿತಿ ಘೋಷಿಸಬಹುದು. ಶಾಸನಸಭೆ ಮುಂದುವರಿಸದಿದ್ದರೆ ಅದು 30 ದಿನಗಳಲ್ಲಿ ಮುಗಿಯುತ್ತದೆ. 1980ರ ಕಾಯ್ದೆ ತೈಲ ಸಾಗಿಸುವವರೆಲ್ಲ ಸೋರಿಕೆ ನಿರ್ವಹಣಾ ಯೋಜನೆಗೆ ರಾಜ್ಯದ ಒಪ್ಪಿಗೆ ಪಡೆಯಬೇಕೆಂದಿತು. ಯೋಜನೆಗಳು ಬಂದವು, ಒಪ್ಪಿಗೆಯೂ ಸಿಕ್ಕಿತು. ಆದರೆ ಬರೆದಿಟ್ಟಷ್ಟು ಸಾಮಗ್ರಿ, ಜನ ದಡದಲ್ಲಿ ಇದ್ದಾರೆಯೇ ಎಂಬ ತಪಾಸಣೆ ಸಡಿಲವಾಗಿತ್ತು. ಬಂದರನ್ನು ನಡೆಸುತ್ತಿದ್ದ ಅಲಿಯೆಸ್ಕಾ ಕಂಪನಿ ಸೋರಿಕೆಗೆಂದೇ ಮೀಸಲಿದ್ದ ತನ್ನ ತಂಡವನ್ನು 1981ರಲ್ಲಿ ವಿಸರ್ಜಿಸಿತ್ತು.

1989ರ ಮಾರ್ಚ್ 24ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಎಕ್ಸಾನ್ ವಾಲ್ಡೀಜ್ ಹಡಗು ಪ್ರಿನ್ಸ್ ವಿಲಿಯಂ ಸೌಂಡ್‌ನ ಬ್ಲೈ ಬಂಡೆಸಾಲಿಗೆ ಬಡಿಯಿತು. ಸುಮಾರು 2,57,000 ಬ್ಯಾರೆಲ್ ಕಚ್ಚಾ ತೈಲ ನೀರು ಸೇರಿತು. ಯೋಜನೆಯ ಪ್ರಕಾರ ಐದು ಗಂಟೆಯಲ್ಲಿ ಸ್ಥಳ ಮುಟ್ಟಬೇಕಿದ್ದ ನೆರವು, ದುರಸ್ತಿಯಲ್ಲಿದ್ದ ಸಾಮಗ್ರಿ ಸಾಗಣೆಯ ಬಾರ್ಜ್‌ನಿಂದಾಗಿ ತಡವಾಯಿತು. ಸಲಕರಣೆಗಳನ್ನು ಅದಕ್ಕೆ ಮತ್ತೆ ತುಂಬಿ ಸ್ಥಳ ಮುಟ್ಟುವಾಗ ಅರ್ಧ ದಿನಕ್ಕೂ ಹೆಚ್ಚು ಕಳೆದಿತ್ತು. ಮೊದಲ ಮೂರು ದಿನ ಕಡಲು ಶಾಂತವಾಗಿಯೇ ಇತ್ತು. ಆ ಅಮೂಲ್ಯ ಸಮಯ ಕೈತಪ್ಪಿದ ಮೇಲೆ ಬಿರುಗಾಳಿ ಎದ್ದು ತೈಲವನ್ನು ಚದುರಿಸಿತು. ಕೊನೆಗೆ ಸುಮಾರು 2,100 ಕಿ.ಮೀ. ಕರಾವಳಿ ಮಲಿನವಾಯಿತು. ಗವರ್ನರ್ ಸ್ಟೀವ್ ಕೂಪರ್ ಕೆಲವೇ ದಿನಗಳಲ್ಲಿ ತುರ್ತುಸ್ಥಿತಿ ಘೋಷಿಸಿದರು. ಘೋಷಣೆಯಿಂದ ಹಣ ಮತ್ತು ಅಧಿಕಾರ ಒದಗುತ್ತವೆ, ಇಲ್ಲದ ಬಾರ್ಜ್ ಒದಗುವುದಿಲ್ಲ. ಅಲಾಸ್ಕಾ ಇದನ್ನು ಬಹಳ ದೊಡ್ಡ ಬೆಲೆ ತೆತ್ತು ಅರಿಯಿತು.

ವಾಲ್ಟರ್ ಪಾರ್ಕರ್ ಅಧ್ಯಕ್ಷತೆಯ ರಾಜ್ಯ ಆಯೋಗ 1990ರ ಆರಂಭದಲ್ಲಿ ವರದಿ ಕೊಟ್ಟಿತು. ಅದೇ ವರ್ಷದ ಕಾಯ್ದೆ ಯೋಜನೆಗೆ ಅಳತೆಗೋಲು ತಂದಿತು. 5 ಲಕ್ಷ ಬ್ಯಾರೆಲ್‌ಗಿಂತ ಕಡಿಮೆ ಕಚ್ಚಾ ತೈಲ ಒಯ್ಯುವ ಟ್ಯಾಂಕರಿನವರು 50,000 ಬ್ಯಾರೆಲ್ ಸೋರಿಕೆಯನ್ನು, ಅದಕ್ಕೂ ದೊಡ್ಡವರು 3 ಲಕ್ಷ ಬ್ಯಾರೆಲ್ ಸೋರಿಕೆಯನ್ನು 72 ಗಂಟೆಗಳಲ್ಲಿ ತಡೆದು ತೆಗೆಯುವಂತೆ ಯೋಜಿಸಿರಬೇಕು. ಎಕ್ಸಾನ್ ವಾಲ್ಡೀಜ್ ಚೆಲ್ಲಿದ್ದಕ್ಕಿಂತ ಈ ಎರಡನೆಯ ಪ್ರಮಾಣ ತುಸು ಹೆಚ್ಚೇ. ಅಲಾಸ್ಕಾದ ಶಾಸನಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಈ ಒಂದು ಕಲಮು: ಅಧಿಕಾರಿ ಅಣಕು ಕಾರ್ಯಾಚರಣೆ ನಡೆಸಿ ಲೆಕ್ಕ ಕೇಳಬಲ್ಲ. ರಾಜ್ಯದ ವಿಪತ್ತು ವ್ಯಾಖ್ಯೆಯಲ್ಲಿ ತೈಲಸೋರಿಕೆಗೂ ಜಾಗವಿದೆ. 1 ಲಕ್ಷ ಬ್ಯಾರೆಲ್ ಮೀರಿದ ಅನಿರೀಕ್ಷಿತ ಸೋರಿಕೆಯನ್ನು ಕಾನೂನು ಮಹಾಸೋರಿಕೆ ಎಂದು ಗುರುತಿಸುತ್ತದೆ.

1990ರ ಆಗಸ್ಟ್‌ನಲ್ಲಿ ಬಂದ ಒಕ್ಕೂಟದ ತೈಲಮಾಲಿನ್ಯ ಕಾಯ್ದೆ ರಾಜ್ಯಗಳು ಹೆಚ್ಚಿನ ಹೊಣೆ ವಿಧಿಸುವುದಕ್ಕೆ ಅಡ್ಡಬರಲಿಲ್ಲ. ಮೀನುಗಾರರು, ಮೂಲನಿವಾಸಿಗಳು, ಊರಿನವರು ಕೂಡಿದ ನಾಗರಿಕ ಸಲಹಾ ಮಂಡಳಿಗಳಿಗೂ ಅದು ಮಾನ್ಯತೆ ಕೊಟ್ಟಿತು. ದುರಂತಕ್ಕೆ ಕಾರಣವಾದ ಹಡಗು ಮತ್ತೆ ಪ್ರಿನ್ಸ್ ವಿಲಿಯಂ ಸೌಂಡ್‌ಗೆ ಬರದಂತೆ ತಡೆಯಿತು. ಹಲವು ಹೆಸರು ಬದಲಿಸಿಕೊಂಡ ಆ ಹಡಗು 2012ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಅನುಮತಿ ಪಡೆದು ಗುಜರಾತಿನ ಅಲಂಗ್‌ನಲ್ಲಿ ಗುಜರಿಯಾಯಿತು.

ಈ ವ್ಯವಸ್ಥೆಯ ಬಲಹೀನ ಭಾಗ ಹಣ. 1986ರಲ್ಲಿ ಸ್ಥಾಪನೆಯಾದ ಸೋರಿಕೆ ನಿಧಿಗೆ 1989ರಿಂದ ಪ್ರತಿ ಬ್ಯಾರೆಲ್ ಮೇಲೆ 5 ಸೆಂಟ್ ಸುಂಕ ಸೇರತೊಡಗಿತು. 1988ರಲ್ಲಿ ದಿನಕ್ಕೆ 20 ಲಕ್ಷ ಬ್ಯಾರೆಲ್ ಮುಟ್ಟಿದ್ದ ಉತ್ಪಾದನೆ ಈಗ 5 ಲಕ್ಷಕ್ಕಿಂತ ಕೆಳಗಿದೆ; ಸುಂಕವೂ ಅಷ್ಟೇ ಕುಗ್ಗಿದೆ. 2015ರಲ್ಲಿ ಸಂಸ್ಕರಿತ ಇಂಧನದ ಮೇಲೂ ಸುಂಕ ಹಾಕಿ ಕೊರತೆ ತುಂಬಲು ರಾಜ್ಯ ಯತ್ನಿಸಿತು. ಕೊಳವೆಮಾರ್ಗಕ್ಕೆ ವಯಸ್ಸಾಗುತ್ತಿರುವಾಗ ಅದರ ಕಾವಲಿನ ನಿಧಿಯನ್ನು ತೈಲದ ಇಳುವರಿಗೆ ಗಂಟುಹಾಕಿದ್ದು ಈ ಶಾಸನಗಳ ದೊಡ್ಡ ಕೊರತೆ.