ದಕ್ಷಿಣ ಬೆಂಗಳೂರು: ಜನಸಂಖ್ಯೆ ಮತ್ತು ರೋಗಗಳ ಸ್ಥಿತ್ಯಂತರ

ಜನನ, ಮರಣ ಪ್ರಮಾಣಗಳೆರಡೂ ಇಳಿದು, ಸಾವಿನ ಮುಖ್ಯ ಕಾರಣಗಳು ಸೋಂಕುಗಳಿಂದ ಹೃದ್ರೋಗ, ಕ್ಯಾನ್ಸರ್, ಸಕ್ಕರೆ ಕಾಯಿಲೆಗಳತ್ತ ಸರಿದ ಬದಲಾವಣೆಯೇ ಈ ಸ್ಥಿತ್ಯಂತರ. ರೋಗಗಳ ಈ ಪಲ್ಲಟವನ್ನು ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಅಬ್ದೆಲ್ ಓಮ್ರಾನ್ 1971ರಲ್ಲಿ ಸಿದ್ಧಾಂತವಾಗಿ ಮಂಡಿಸಿದರು. ಭಾರತದ ಒಟ್ಟು ರೋಗಭಾರದಲ್ಲಿ ಅಸಾಂಕ್ರಾಮಿಕ ರೋಗಗಳ ಪಾಲು 1990ರಲ್ಲಿ ಸುಮಾರು ಶೇ 30 ಇದ್ದುದು 2016ಕ್ಕೆ ಶೇ 55 ಆಯಿತು.

ಹಿನ್ನೆಲೆ: 1898ರ ಪ್ಲೇಗಿಗೆ ಹೆದರಿ ಜನ ಇಕ್ಕಟ್ಟಿನ ಪೇಟೆ ಬಿಟ್ಟದ್ದು ಬಸವನಗುಡಿಯ ಬೆಳವಣಿಗೆಗೆ ಒತ್ತುಕೊಟ್ಟಿತು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣ ಸೇವೆಗೆ ಒಪ್ಪಿಗೆ ಕೊಟ್ಟಿತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳು ಅನಂತರದವು.

ಜನನ ಮತ್ತು ವಲಸೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ (ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು) 1992–93ರಲ್ಲಿ 2.85, 2019–20ರಲ್ಲಿ 1.7. ಆದರೂ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ 65.37 ಲಕ್ಷದಿಂದ 2011ಕ್ಕೆ 96.21 ಲಕ್ಷಕ್ಕೇರಿತು. ಇದರಲ್ಲಿ ವಲಸೆಯ ಪಾಲು ದೊಡ್ಡದು. ಮಕ್ಕಳು ಹೊರದೇಶ ಸೇರಿದ ಮೇಲೆ ವೃದ್ಧ ದಂಪತಿಗಳಷ್ಟೇ ಉಳಿದ ಜಯನಗರದ ಮನೆಗಳೂ, ಇಪ್ಪತ್ತರ ಹರೆಯದ ಐಟಿ ನೌಕರರಿಂದ ತುಂಬಿದ ಬಿಟಿಎಂ ಬಡಾವಣೆಯ ಪಿಜಿಗಳೂ ಜಿಲ್ಲೆಯ ಒಂದೇ ಸರಾಸರಿಯೊಳಗೆ ಅಡಗಿವೆ. ಅವನ್ನು ಬಿಡಿಸಿ ನೋಡುವುದು ಕಷ್ಟ: ಜನಗಣತಿಯ ವಾರ್ಡುವಾರು ಸಾರದಲ್ಲಿ ಆರು ವರ್ಷದವರೆಗಿನ ಮಕ್ಕಳನ್ನು ಬಿಟ್ಟರೆ ವಯಸ್ಸಿನ ವಿಂಗಡಣೆಯಿಲ್ಲ.

ಮರಣ ದಾಖಲೆಯ ಗೊಂದಲ: 1969ರ ಜನನ–ಮರಣ ನೋಂದಣಿ ಕಾಯ್ದೆಯಂತೆ ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಸ್ಥಳದಲ್ಲಿ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆ, ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮತ್ತು ಮಾನಸಿಕ ಹಾಗೂ ನರರೋಗ ಚಿಕಿತ್ಸೆಯ ನಿಮ್ಹಾನ್ಸ್‌ಗೆ ನಾಡಿನ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಬೇರೆ ಜಿಲ್ಲೆಯವರು ಜಯದೇವದಲ್ಲಿ ಹೃದಯಾಘಾತದಿಂದ ತೀರಿಕೊಂಡರೂ ಆ ಸಾವು ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಈ ಭಾಗದ ಮರಣಸಂಖ್ಯೆಯನ್ನೇ ನಿವಾಸಿಗಳ ಆರೋಗ್ಯದ ಅಳತೆಗೋಲಾಗಿ ಬಳಸುವಂತಿಲ್ಲ.

ಕಿದ್ವಾಯಿಯ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ಇದಕ್ಕೆ ಅಪವಾದ. 1982ರಿಂದ ನಡೆದುಬಂದ ಇದು ಕನಿಷ್ಠ ಒಂದು ವರ್ಷ ಇಲ್ಲಿ ನೆಲೆಸಿದವರನ್ನಷ್ಟೇ ಪರಿಗಣಿಸುತ್ತದೆ. ಆರಂಭದ ವರ್ಷಗಳಲ್ಲಿ ಮಹಿಳೆಯರಲ್ಲಿ ಮುಂದಿದ್ದುದು ಗರ್ಭಕಂಠದ ಕ್ಯಾನ್ಸರ್; ಮುಂದೆ ಸ್ತನ ಕ್ಯಾನ್ಸರ್ ಅದನ್ನು ಹಿಂದಿಕ್ಕಿತು. ಸೋಂಕಿನಿಂದ ಬರುವ ಕ್ಯಾನ್ಸರ್ ಇಳಿದು, ತಡವಾದ ಹೆರಿಗೆ, ಕಡಿಮೆ ಮಕ್ಕಳೊಂದಿಗೆ ನಂಟಿರುವ ಕ್ಯಾನ್ಸರ್ ಏರಿದ್ದು ಜನಸಂಖ್ಯೆ ಮತ್ತು ರೋಗಗಳ ಎರಡೂ ಸ್ಥಿತ್ಯಂತರಗಳು ಸಂಧಿಸಿದ ಕುರುಹು.

ಕೋವಿಡ್: 2020–21ರಲ್ಲಿ ಸೋಂಕು ಮರಳಿ ಮುನ್ನೆಲೆಗೆ ಬಂತು. ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು; ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ.

2021ರಲ್ಲಿ ನಡೆಯಬೇಕಿದ್ದ ಜನಗಣತಿ 2027ಕ್ಕೆ ನಿಗದಿಯಾಗಿದೆ. ಬಡಾವಣೆವಾರು ಹೋಲಿಕೆಗೆ 2011ರ ಎಣಿಕೆಯೇ ಇತ್ತೀಚಿನ ಪೂರ್ಣ ಆಧಾರ.